ನಾಲ್ಕು ಮೂಲೆಯ ಲಾಕು

ಮನೆಗೆ ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಜಗ್ಗಿ ನೋಡುವುದು ನನ್ನ ಹಳೆಯ ಚಟ. ಮೊದಲನೆಯದು ಬೀಗದ ಪರೀಕ್ಷೆ, ಎರಡನೆಯದು ಆ ಪರೀಕ್ಷೆಯ ಮರುಪರೀಕ್ಷೆ, ಮೂರನೆಯದಕ್ಕೆ ನನ್ನಲ್ಲಿ ಯಾವ ಸಮರ್ಥನೆಯೂ ಇಲ್ಲ. ಅಷ್ಟು ಹೊತ್ತೂ ನನ್ನ ಹೆಂಡತಿ ಆಟೋದಲ್ಲಿ ಕುಳಿತು, ಈ ಮನುಷ್ಯ ಯಾರೋ ತನಗೆ ಗೊತ್ತೇ ಇಲ್ಲವೆಂಬಂತೆ ಮುಖ ತಿರುಗಿಸಿಕೊಂಡಿರುತ್ತಾಳೆ. ಇಂಥವನನ್ನು ವಿಧಿ ಕಳೆದ ತಿಂಗಳು ಅಕ್ಕನ ಮಗ ಮಲ್ಲಿಕಾರ್ಜುನನ ಟ್ರೇಲರಿನ ಬಳಿಗೆ ಕರೆದೊಯ್ಯಿತು.

ಹುಮನಾಬಾದಿನಲ್ಲಿ ಬಸ್ಸು ಕೈಕೊಟ್ಟಿತ್ತು. ಹೈದರಾಬಾದಿನಿಂದ ಮುಂಬೈಗೆ ಕಂಟೇನರ್ ಸಾಗಿಸುತ್ತಿದ್ದ ಮಲ್ಲಿಕಾರ್ಜುನ ಚಹಾಕ್ಕೆಂದು ನಿಂತವನು, "ಗಾಡಿ ಹತ್ರಿ ಮಾಮಾ, ಕಲ್ಯಾಣ ಕ್ರಾಸಿಗೆ ಬಿಡ್ತೀನಿ" ಎಂದ. ಹೊರಡುವ ಮುನ್ನ ಅವನು ಮುಂದೆ ಕಟ್ಟಿದ್ದ ಹಳೆಯ ನಿಂಬೆ-ಮೆಣಸಿನಕಾಯಿ ತೆಗೆದು ಹೊಸದು ಕಟ್ಟಿ, ಗಂಟನ್ನು ಎಳೆದು ನೋಡಿ, ಊದಿನಕಡ್ಡಿ ಬೆಳಗಿದ. ಎಳೆದು ನೋಡುವ ನನ್ನ ಗುಣ ವಂಶದಲ್ಲಿ ಹರಿದಿದೆಯೆಂದು ಹಿಗ್ಗುತ್ತ ನಾನು ಗಾಡಿಗೊಂದು ಪ್ರದಕ್ಷಿಣೆ ಹಾಕಿದೆ.

ಹಿಗ್ಗು ಮೊದಲ ಮೂಲೆಯಲ್ಲೇ ಇಳಿಯಿತು. ಟ್ರೇಲರಿನ ನಾಲ್ಕು ಮೂಲೆಗಳಲ್ಲಿ ಉಕ್ಕಿನ ಲಾಕುಗಳಿರುತ್ತವೆ; ಹಿಡಿ ತಿರುಗಿಸಿದರೆ ಕಂಟೇನರ್ ಗಾಡಿಗೆ ಕಚ್ಚಿಕೊಳ್ಳುತ್ತದೆ. ನಾಲ್ಕೂ ತೆರೆದೇ ಇದ್ದವು. ಮನೆಯಷ್ಟು ದೊಡ್ಡ ಕಬ್ಬಿಣದ ಡಬ್ಬಿ ಬರೀ ತನ್ನ ಭಾರದ ಮೇಲೆ ಕುಳಿತಿತ್ತು.

"ಮರೆತಿಲ್ರಿ, ಬೇಕಂತೇ ಬಿಟ್ಟೀನಿ" ಎಂದ ಮಲ್ಲಿಕಾರ್ಜುನ. "ಲಾಕ್ ಹಾಕಿದ್ರ ಡಬ್ಬಿ ಪಲ್ಟಿ ಆಗೋವಾಗ ಗಾಡೀನೂ ಎಳಕೊಂಡು ಹೋಗ್ತದ. ಬಿಟ್ರ ಅದೊಂದೇ ಬೀಳ್ತದ, ನಾ ಉಳೀತೀನಿ. ಲೈನಿನ್ಯಾಗ ಡ್ರೈವರ್ ಮಂದಿ ಎಲ್ಲಾರೂ ಹಿಂಗೇ ಮಾಡಾಕತ್ತಾರ‍್ರಿ."

ನನಗೆ ಮೈಯೆಲ್ಲ ಉರಿಯಿತು. ನಿಂಬೆಹಣ್ಣಿನ ಗಂಟಿಗೆ ಇರುವ ಭದ್ರತೆ ಇಷ್ಟು ಟನ್ ಉಕ್ಕಿಗೆ ಬೇಡವೇ? ಜಡತ್ವ, ಗುರುತ್ವಕೇಂದ್ರ ಎಂದೆಲ್ಲ ನಡುರಸ್ತೆಯಲ್ಲಿ ಉಪನ್ಯಾಸ ಕೊಟ್ಟೆ. ಮೂವತ್ತು ವರ್ಷ ಕಾಲೇಜಿನಲ್ಲಿ ನಿದ್ದೆ ಬರಿಸಿದ ಅದೇ ಧ್ವನಿ, ಮಲ್ಲಿಕಾರ್ಜುನ ಆಕಳಿಸಿದ.

"ಹಾಂಗಾದ್ರ ಬಿದ್ದಾಗ ಅದರ ಕೆಳಗ ಇದ್ದವರ ಗತಿ?" ಎಂದೆ.

"ಅದು ಅವರ ನಸೀಬ್ರಿ."

ಅಕ್ಕ ಇರುವುದು ಮುಂದೆ ಅದೇ ದಾರಿಯಲ್ಲಿ ಸಿಗುವ ಮೋರಖಂಡಿಯಲ್ಲಿ. ಮಗನ ಗಾಡಿ ಬರುವ ದಿನ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೆದ್ದಾರಿಗೆ ಬಂದು ಕಾಯುತ್ತಾಳೆ. ಕೇಳಬಾರದಾಗಿತ್ತೇನೋ, ಸಿಟ್ಟಿನಲ್ಲಿ ಕೇಳಿಬಿಟ್ಟೆ: "ಇವತ್ತು ನಿಮ್ಮವ್ವ ಎಲ್ಲಿ ನಿಂತಿರ್ತಾಳ?"

"ಎಲ್ಲಿ ಅಂದ್ರ, ತಿರುವಿನ್ಯಾಗ್ರಿ. ಎಡಗಡೆ..."

ಗಾಡಿ ಬಲಕ್ಕೆ ಹೊರಳುವ ತಿರುವು ಅದು. ಡಬ್ಬಿ ಜಾರಿದರೆ ಎಡಕ್ಕೇ. ಅವನು ಸೀಟಿನ ಹಿಂದಿನಿಂದ ಸುತ್ತಿಗೆ ತೆಗೆದ. ಮೂರು ಲಾಕು ಬೇಗ ತಿರುಗಿದವು. ನಾಲ್ಕನೆಯದು ಮಾತ್ರ ತುಕ್ಕು ಹಿಡಿದಿತ್ತು. ಡೀಸೆಲ್ ಸುರಿದು ಬಡಿದೆವು. ನೆರವಾಗಲು ಹೋಗಿ ನಾನು ನನ್ನದೇ ಹೆಬ್ಬೆರಳಿಗೆ ಹೊಡೆದುಕೊಂಡೆ. ಕೊನೆಗೆ ಅದೂ ತಿರುಗಿತು.

ತಿರುವಿನಲ್ಲಿ ಅಕ್ಕ ನಿಂತಿದ್ದಳು. ಗಾಡಿ ನಿಂತದ್ದೇ ತಡ, ಬಿಸಿಲೆಂದು ಡಬ್ಬಿಯ ನೆರಳಿಗೆ ಸರಿದು, ಅದಕ್ಕೇ ಬೆನ್ನು ಕೊಟ್ಟು, ಬುತ್ತಿ ಚಾಚಿದಳು.

"ಯಾಕೋ ಮಲ್ಲು, ಮಾರಿ ಹಿಂಗ ಬಾಡ್ಯದ? ಮಾಮಾ ಏನರ ಬೈದನೇನು?"

ಅವನು ಇಳಿದು ಹೋಗಿ ಅವಳ ಪಕ್ಕದ ಲಾಕನ್ನು ಮತ್ತೊಮ್ಮೆ ಎಳೆದು ನೋಡಿದ.

ಈಗಲೂ ನಾನು ಬೀಗ ಜಗ್ಗುತ್ತೇನೆ, ಹೆಂಡತಿ ಆಟೋದಲ್ಲಿ ಮುಖ ತಿರುಗಿಸುತ್ತಾಳೆ. ಆದರೆ ಜಗ್ಗುವುದು ಮೂರು ಸಲವಲ್ಲ, ನಾಲ್ಕು ಸಲ.