ಹುಬ್ಬಳ್ಳಿ ಪಕ್ಷ, ಲೋಕಲ್ ಪಕ್ಷ

ಮಲ್ಕಾಜ್‌ಗಿರಿಯ ನಮ್ಮ ಬಾಡಿಗೆ ಮನೆಯ ಕಟ್ಟೆಯ ಮೇಲೆ ಪ್ರತಿ ಭಾನುವಾರ ರೈಲ್ವೆ ಮಂತ್ರಿಮಂಡಲ ಕೂಡುತ್ತಿತ್ತು. ಮಂತ್ರಿಗಳೆಂದರೆ ನಮ್ಮ ಯಜಮಾನರು ಮತ್ತು ಅವರ ಮೂರ್ನಾಲ್ಕು ಕನ್ನಡದ ಗೆಳೆಯರು, ಎಲ್ಲರೂ ಸಿಕಂದರಾಬಾದಿನ ರೈಲ್ವೆ ಕಚೇರಿಯ ಗುಮಾಸ್ತರು. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಸರಿಸಲೂ ಸೊಂಟ ಹಿಡಿದುಕೊಳ್ಳುವ ಈ ಮಹನೀಯರು ಚಹಾ ಆರುವಷ್ಟರಲ್ಲಿ ದೇಶದ ಹಳಿಗಳನ್ನೆಲ್ಲ ಕಿತ್ತು ತಮಗೆ ಬೇಕಾದ ಕಡೆ ಹಾಕಿ ಮುಗಿಸುತ್ತಿದ್ದರು. ಚಹಾ ಮಾಡಿಕೊಡುತ್ತಿದ್ದವಳು ನಾನು. ಹಾಗಾಗಿ ಇಷ್ಟು ಹೇಳುವ ಹಕ್ಕು ನನಗಿದೆ.

ಆಗ ಎರಡು ಸುದ್ದಿ ಹೆಚ್ಚುಕಡಿಮೆ ಒಟ್ಟಿಗೇ ಬಂದಿದ್ದವು. ಹುಬ್ಬಳ್ಳಿಯಲ್ಲಿ ಹೊಸ ರೈಲ್ವೆ ವಲಯ ಆಗುತ್ತದೆ, ಬೇಕಾದವರು ಬರೆದುಕೊಟ್ಟು ಅಲ್ಲಿಗೆ ಹೋಗಬಹುದು ಎಂಬುದು ಒಂದು. ಸಿಕಂದರಾಬಾದಿನಿಂದ ಹೈಟೆಕ್ ಸಿಟಿ ಹಾದು ಲಿಂಗಂಪಲ್ಲಿಗೆ ಲೋಕಲ್ ರೈಲು ಓಡುತ್ತದೆ ಎಂಬುದು ಇನ್ನೊಂದು. ಕಟ್ಟೆಯ ಮೇಲೆ ಎರಡು ಪಕ್ಷಗಳಾದವು. ಹುಬ್ಬಳ್ಳಿ ಪಕ್ಷಕ್ಕೆ ನಮ್ಮ ಯಜಮಾನರೇ ಮುಖಂಡರು. ಲೋಕಲ್ ಪಕ್ಷದಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದವಳು ನಾನೊಬ್ಬಳೇ, ಅದೂ ಅಡುಗೆಮನೆಯಿಂದ.

ಕಾರಣವಿತ್ತು. ಐಟಿಯ ಅಬ್ಬರ ಶುರುವಾಗಿತ್ತು, ಹೈಟೆಕ್ ಸಿಟಿ ಕಡೆಯ ಒಂದು ಕಂಪನಿಯಲ್ಲಿ ನನಗೂ ಕೆಲಸ ಸಿಕ್ಕಿತ್ತು. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಹೇಳಿದ್ದನ್ನು ಕಿವಿಗೆ ಹಾಕಿಕೊಂಡು ಟೈಪ್ ಮಾಡುವುದು. ಕೆಲಸ ನನಗೆ ತುಂಬ ಹಿಡಿಸಿತ್ತು. ಆದರೆ ಎರಡು ಬಸ್ಸು ಬದಲಿಸಿ, ಒಂಟಿಕಾಲಲ್ಲಿ ಜೋತಾಡಿಕೊಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ನನಗೇ ಒಬ್ಬ ಡಾಕ್ಟರು ಬೇಕಾಗುತ್ತಿತ್ತು.

“ಲೋಕಲ್ ಬಂದ್ರೂ ನಮ್ಮ ಮಲ್ಕಾಜ್‌ಗಿರಿಗೆ ಬರಂಗಿಲ್ಲರಿ,” ಎಂದು ಒಬ್ಬ ಗೆಳೆಯರು ಕಟ್ಟೆಯಿಂದಲೇ ನನ್ನನ್ನು ಕೆಣಕುತ್ತಿದ್ದರು. “ಕಣ್ಣಮುಂದ ಹಳಿ ಐತಿ, ರೈಲು ಹಿಡಿಯಾಕ ಸಿಕಂದರಾಬಾದಿಗೆ ಓಡಬೇಕು.”

“ಅಲ್ಲೀ ತನಕಾ ನಡಕೊಂತನ ಹೋಗ್ತೀನ್ರಿ. ಮೊದಲ ಬರ್ಲಿ ಅದು,” ಎನ್ನುತ್ತಿದ್ದೆ ನಾನು.

ಹುಬ್ಬಳ್ಳಿ ಪಕ್ಷಕ್ಕೆ ಬಲ ಬಂದಿದ್ದು ನಮ್ಮ ಅತ್ತೆಯಿಂದ. ಅವರು ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವರು, ಮಗನ ನೌಕರಿಯ ಜೊತೆ ಇಲ್ಲಿಗೆ ಬಂದವರು. ಬಂದಾಗಿನಿಂದ ಈ ಊರನ್ನು ಅವರು ಬೈಯದ ದಿನವಿಲ್ಲ. ನಳದ ನೀರಿಗೆ ವಾಸನೆ. ಜೋಳದ ಹಿಟ್ಟಿಗೆ ಜಿಗಿ ಇಲ್ಲ. ಕಾಯಿಪಲ್ಲೆ ಮಾರುವವಳು ಭಾರೀ ಜೋರು. ಮನೆ ಹಿಂದೆ ಹಾಯುವ ರೈಲುಗಳ ಸಪ್ಪಳಕ್ಕೆ ಕಣ್ಣು ಹತ್ತುವುದಿಲ್ಲ. ಅವರು ಒಂದೊಂದು ಬೈದಾಗಲೂ ಯಜಮಾನರ ಮುಖ ಸಣ್ಣದಾಗುತ್ತಿತ್ತು.

“ಅವ್ವ ಇಲ್ಲೆ ಭಾಳ ಕೊರಗಾಕತ್ತಾಳ. ಬರದು ಕೊಟ್ಟುಬಿಡ್ತೀನಿ,” ಎಂದರು ಒಂದು ದಿನ. “ನಿನಗ ಅಲ್ಲೂ ಕೆಲಸ ಸಿಗ್ತೈತಿ ತಗೋ.”

“ಹುಬ್ಬಳ್ಯಾಗ ಯಾವ ಅಮೆರಿಕದ ಡಾಕ್ಟರ್ ನನ್ನ ದಾರಿ ಕಾಯಕೊಂತ ಕುಂತಾನ?” ಎಂದೆ. ಪಾತ್ರೆಗಳನ್ನು ಕೊಂಚ ಸಪ್ಪಳ ಮಾಡಿಯೇ ಇಟ್ಟೆ. ನನಗೆ ಸಿಟ್ಟು ಮಾತ್ರವಲ್ಲ, ಅಳುವೂ ಬಂದಿತ್ತು. ನಾನು ಇಲ್ಲೇ ಕಾಚಿಗೂಡದ ಗಲ್ಲಿಗಳಲ್ಲಿ ಬೆಳೆದವಳು, ಈ ಊರು ಬಿಟ್ಟರೆ ನನಗೆ ಬೇರೆ ಊರಿಲ್ಲ. ಆದರೆ ವಯಸ್ಸಾದ ಹೆಂಗಸು ತನ್ನ ಊರಿಗಾಗಿ ಕೊರಗುತ್ತಾಳೆ ಎಂದರೆ ಸೊಸೆಯಾದವಳು ಯಾವ ಬಾಯಿಂದ ಬೇಡ ಎನ್ನುವುದು? ಮೊದಲು ಅಲ್ಲಿ ಮನೆ ನೋಡಿ ಬರೋಣ, ಬಂದ ಮೇಲೆ ಬರೆದುಕೊಡಿ ಎಂದಷ್ಟೇ ಹೇಳಿದೆ.

ಮೂವರೂ ಕಾಚಿಗೂಡದಲ್ಲಿ ರೈಲು ಹತ್ತಿದೆವು. ಹುಬ್ಬಳ್ಳಿಯಲ್ಲಿ ಅತ್ತೆಯ ತಮ್ಮನ ಮನೆಯಲ್ಲಿ ಇಳಿದುಕೊಂಡೆವು. ಮೊದಲ ದಿನ ಅತ್ತೆಯ ಖುಷಿ ನೋಡಬೇಕಿತ್ತು. ಓಣಿ ತುಂಬ ತಿರುಗಿದರು, ಕಂಡಕಂಡವರನ್ನು ಮಾತಾಡಿಸಿದರು, ತಮ್ಮನ ಮನೆಯ ರೊಟ್ಟಿಯನ್ನು ಹೊಗಳಿ ಹೊಗಳಿ ತಿಂದರು. ನನ್ನ ನೌಕರಿಯ ಕತೆ ಮುಗಿಯಿತು ಎಂದುಕೊಂಡು ಮಲಗಿದೆ.

ಮರುದಿನ ನಳಕ್ಕೆ ನೀರು ಬರಲಿಲ್ಲ. “ನಾಳೆ ಬರ್ತಾವ, ಇಲ್ಲಾ ನಾಡದು,” ಎಂದರು ತಮ್ಮನ ಹೆಂಡತಿ. “ಇದೆಂಥಾದ್ದ ನಿಮ್ಮೂರು? ನಮ್ಮ ಮಲ್ಕಾಜ್‌ಗಿರ್ಯಾಗ ಹಿಂಗಿಲ್ಲವಾ,” ಎಂದರು ಅತ್ತೆ. ನಿಮ್ಮೂರು ಎಂಬ ಮಾತಿಗೆ ಯಜಮಾನರು ಪೇಪರಿನಿಂದ ತಲೆ ಎತ್ತಿದರು. ಸಂತೆಯಲ್ಲಿ ಅತ್ತೆ ಬದನೆಕಾಯಿ ಮಾರುವವಳ ಜೊತೆ ತೆಲುಗಿನಲ್ಲಿ ಚೌಕಾಸಿಗೆ ಇಳಿದರು. ಪಾಪ, ಅವಳು ಮಿಕಿಮಿಕಿ ನೋಡಿದಳು. ಕನ್ನಡಕ್ಕೆ ಹೊರಳಿದ ಮೇಲೂ ವ್ಯಾಪಾರ ಕುದುರಲಿಲ್ಲ. “ಅಲ್ಲೆ ನಮ್ಮಾಕಿ ಕೊತ್ತಂಬರಿ ಪುಗಸಟ್ಟೆ ಹಾಕ್ತಾಳ,” ಎಂದು ಗೊಣಗುತ್ತ ಬಂದರು.

ಸಂಜೆ ಬಾಡಿಗೆ ಮನೆ ನೋಡಲು ಹೋದೆವು. ಸುಳ್ಳು ಯಾಕೆ ಹೇಳಲಿ, ಮನೆ ಬಲು ಚೆನ್ನಾಗಿತ್ತು. ಗಾಳಿ, ಬೆಳಕು, ಹಿತ್ತಲಲ್ಲಿ ಪೇರಲ ಗಿಡ. ಯಜಮಾನರು ಆಗಲೇ ಮಂಚ ಎಲ್ಲಿ, ಟೀವಿ ಎಲ್ಲಿ ಎಂದು ಲೆಕ್ಕ ಹಾಕತೊಡಗಿದ್ದರು. ಅತ್ತೆ ನಡುಮನೆಯಲ್ಲಿ ನಿಂತು ಕಿವಿಗೊಟ್ಟು ಏನನ್ನೋ ಕೇಳಿಸಿಕೊಳ್ಳಲು ನೋಡಿದರು.

“ರೈಲಿನ ಸಪ್ಪಳನ ಇಲ್ಲಲ್ಲೋ ಇಲ್ಲೆ,” ಎಂದರು ಮಗನಿಗೆ. “ನಿದ್ದಿ ಹೆಂಗ ಹತ್ತತೈತಿ?”

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋಗಿ ಪೇರಲ ಗಿಡ ನೋಡುತ್ತ ನಿಂತೆ.

ವಾಪಸು ಬರುವಾಗ ಅರ್ಧ ದಾರಿಯವರೆಗೂ ಅತ್ತೆಯಿಂದ ಹುಬ್ಬಳ್ಳಿಗೆ ಮಂಗಳಾರತಿ ನಡೆಯಿತು. ಯಜಮಾನರು ಕಿಟಕಿಗೆ ಮುಖ ಕೊಟ್ಟು ಕುಳಿತಿದ್ದರು. ಬೆಳಿಗ್ಗೆ ಕಾಚಿಗೂಡದಲ್ಲಿ ಇಳಿದು ಚಹಾ ಕುಡಿಯಲು ನಿಂತೆವು. ಅತ್ತೆ ಒಂದು ಗುಟುಕು ಕುಡಿದು ಮುಖ ಕಿವುಚಿದರು. “ಥೂ, ಇದು ಚಾ ಏನ, ಪಾನಕ ಏನ? ಈ ಊರಾಗ ಮನಶ್ಯಾರು ಬಾಳೇ ಮಾಡ್ತಾರೇನು?”

ಯಜಮಾನರ ತಾಳ್ಮೆ ಅಲ್ಲಿಗೆ ಮುಗಿಯಿತು. “ಅವ್ವಾ, ನೀ ಹಿಂಗ ಬೈತಿ ಅಂತನ ನಾ ಈ ಊರು ಬಿಡಾಕ ನಿಂತೀನಿ. ನಿನಗ ಹುಬ್ಬಳ್ಳಿ ಬೇಕೋ ಬ್ಯಾಡೋ, ಒಂದು ಹೇಳಿಬಿಡು.”

ಅತ್ತೆ ಮಗನನ್ನು ದಡ್ಡನನ್ನು ನೋಡುವಂತೆ ನೋಡಿದರು. “ಬೈದ್ರ ಬಿಟ್ಟು ಹೋಗಬೇಕಂತ ಯಾರು ಹೇಳ್ಯಾರೋ ನಿನಗ?” ಎಂದು ಲೋಟ ಹಿಡಿದ ಕೈಯನ್ನೇ ನನ್ನತ್ತ ಮಾಡಿದರು. “ಈಕಿನ್ನ ಮುಂಜಾನಿಂದ ಸಂಜೀತನಕಾ ಬೈತೀನಿ. ಈಕಿನ್ನ ಬಿಟ್ಟು ಇರ್ತೀನೇನು ನಾ?”

ಹತ್ತು ವರ್ಷ ಅವರ ಬಾಯಿಗೆ ಉತ್ತರ ಕೊಡುತ್ತ ಬಂದವಳು ನಾನು. ಅವತ್ತು ಕಣ್ಣು ಒರೆಸಿಕೊಂಡು, ಸಕ್ಕರೆ ಕಮ್ಮಿ ಹಾಕಿಸಿ ಇನ್ನೊಂದು ಚಹಾ ತಂದುಕೊಟ್ಟೆ. ಸಪ್ಪಗಿದೆ ಎಂದು ಬೈದರು.

ಯಜಮಾನರು ಬರೆದುಕೊಡಲಿಲ್ಲ. ಕಟ್ಟೆಯ ಗೆಳೆಯರಲ್ಲಿ ಒಬ್ಬರು ಹುಬ್ಬಳ್ಳಿಗೆ ಹೋದರು, ಆ ಪೇರಲ ಗಿಡದ ಮನೆಯನ್ನು ನಾವೇ ಅವರಿಗೆ ಕೊಡಿಸಿದೆವು. ಲೋಕಲ್ ಶುರುವಾದ ಹೊಸದರಲ್ಲಿ ಅತ್ತೆ ತಾವೂ ನೋಡಬೇಕೆಂದು ನನ್ನ ಜೊತೆ ಸಿಕಂದರಾಬಾದಿನಲ್ಲಿ ಹತ್ತಿದರು. ಸೀಟು ಬಿರುಸು, ಗಾಳಿ ಜಾಸ್ತಿ, ನಿಲ್ದಾಣಕ್ಕೆ ನಿಲ್ದಾಣ ಭಾಳ ಹತ್ತಿರ ಎಂದು ಹೈಟೆಕ್ ಸಿಟಿಯವರೆಗೂ ಬೈದರು. ಮರುದಿನ ನಾನು ಡಬ್ಬಿ ಕಟ್ಟಿಕೊಂಡು ಹೊರಗೆ ಬಂದರೆ, ನನಗಿಂತ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.