ಹಿಂದಿನ ಬೆಂಚಿನ ಮೆರ್ಲ್

ನಮ್ಮ ಕಡಲೂರು ಲಿಮೋನ್‌ನ ಬಸ್ ನಿಲ್ದಾಣದ ಎದುರು ಮೆರ್ಲ್ ಗ್ರ್ಯಾಂಡಿಸನ್ ಪಾತಿ ಎಂಬ ತಿಂಡಿ ಮಾರುತ್ತಾಳೆ. ಒಳಗೆ ಖಾರದ ಖೀಮಾ, ಹೊರಗೆ ಅರಿಶಿನ ಬಣ್ಣದ ಹಿಟ್ಟು. ಕಚ್ಚಿದವರು ಮೊದಲು ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಾರೆ, ಆಮೇಲೆ ಇನ್ನೊಂದು ಕೇಳುತ್ತಾರೆ. ಅವಳು ಗಿರಾಕಿಗಳನ್ನು ಕೂಗಿ ಕರೆಯುವುದಿಲ್ಲ, ಹಾಡುತ್ತಾಳೆ. ಹೊರಟುನಿಂತ ಬಸ್ಸಿನ ಚಾಲಕ ಎಂಜಿನ್ ಆರಿಸಿ, ಚರಣ ಮುಗಿಯಲಿ ಎಂದು ಕಾದದ್ದನ್ನು ನಾನೇ ನೋಡಿದ್ದೇನೆ.

ಭಾನುವಾರ ಆ ದನಿ ನಮ್ಮ ಬ್ಯಾಪ್ಟಿಸ್ಟ್ ಚರ್ಚಿನದು. ಗಾಯಕವೃಂದದ ಮುಂದಿನ ಸಾಲು, ಕಿಟಕಿಯ ಪಕ್ಕದ ಜಾಗ. ಅವಳ ಅಜ್ಜಿ, ತಾಯಿ ಅಲ್ಲೇ ನಿಂತು ಹಾಡಿ ಹಾಡಿ ನೆಲದ ಹಲಗೆಯ ಬಣ್ಣ ಅಳಿಸಿದ್ದರು. ಮೆರ್ಲ್ ಇರುವುದು ಬಾಡಿಗೆ ಮನೆಯಲ್ಲಿ. ಪನಾಮಾಕ್ಕೆ ದುಡಿಯಲು ಹೋದ ಗಂಡ ಪನಾಮಾದವನೇ ಆಗಿಬಿಟ್ಟ. ಸ್ವಂತದ್ದು ಎಂದಿದ್ದರೆ ಆ ಹಲಗೆಯೊಂದೇ.

ಹಾಡಿನಲ್ಲಿ ಅವಳ ಜೊತೆಗಾರ ಕ್ಷೌರಿಕ ಓರ್ವಿಲ್ ಡೇಕರ್ಸ್. ಅವನ ಅಂಗಡಿಯ ಮೂಲೆಯಲ್ಲಿ ಒಂದು ಮುದಿ ಕೀಬೋರ್ಡ್ ಇದೆ. ಅದರ ಕೆಲವು ಸ್ವರದ ಮನೆಗಳು ಸತ್ತಿವೆ. ಅವುಗಳನ್ನು ಹಾರಿ ಹಾರಿ ನುಡಿಸುವುದನ್ನೇ ದೂರದ ಕೇಳುಗರು ಅವನ ಶೈಲಿ ಎಂದು ಹೊಗಳುತ್ತಾರೆ. ಇಬ್ಬರದೂ ಸೋಲ್ ಎಂಬ, ಆತ್ಮ ಬಿಚ್ಚಿ ಹಾಡುವ ಸಂಗೀತ. ಆದರೆ ಅದರೊಳಗೆ ಕ್ಯಾಲಿಪ್ಸೊದ ಕುಲುಕು, ಚರ್ಚಿನ ಎಳೆತ, ಬೊಲೆರೊದ ಬಿಕ್ಕು ಎಲ್ಲ ಸೇರಿಕೊಂಡಿರುತ್ತವೆ. ರಾಜಧಾನಿಯಿಂದ ಒಬ್ಬ ಸಂಗೀತ ಕಂಪನಿಯವನು ಬಂದು ಕೇಳಿ, ತಲೆ ಕೆರೆದುಕೊಂಡ.

"ಇದನ್ನ ಯಾವ ಹೆಸರಲ್ಲಿ ಮಾರೋದು? ಕ್ಯಾಲಿಪ್ಸೊ ಅಂತಾನಾ, ಸೋಲ್ ಅಂತಾನಾ? ಯಾವುದಾದ್ರೂ ಒಂದು ಇಟ್ಕೊಳ್ಳಿ."

"ನಮ್ಮ ರೊಂಡೋನ್ ಪಾತ್ರೆಗೆ ಮೀನು, ಗೆಣಸು, ಬಾಳೆಕಾಯಿ, ತೆಂಗಿನಹಾಲು ಎಲ್ಲಾ ಬೀಳುತ್ತೆ ಸ್ವಾಮಿ. ನೀವು ಬರೀ ಗೆಣಸು ತಿಂದ್ಕೊಂಡು ಹೋಗ್ತೀರಾ?" ಎಂದಳು ಮೆರ್ಲ್.

ಅವನು ಪಾತಿ ತಿಂದುಕೊಂಡು ಹೋದ. ಕರಾರು ಬರಲಿಲ್ಲ. ಇಬ್ಬರೂ 'ಖಾರ ಮತ್ತು ಕತ್ತರಿ' ಎಂದು ಹೆಸರಿಟ್ಟುಕೊಂಡು ಹಾಡುಗಳನ್ನು ತಾವೇ ಅಂತರ್ಜಾಲಕ್ಕೆ ಹಾಕತೊಡಗಿದರು.

ತೊಡಕು ಒಂದೇ. ಗಾಯಕವೃಂದದವರು ಹೊರಗೆ ಲೋಕದ ಹಾಡು ಹಾಡಿದರೆ ಹಿಂದಿನ ಬೆಂಚು, ಇದು ನಮ್ಮ ಚರ್ಚಿನ ಹಳೆಯ ಕಟ್ಟಳೆ. ಅದಕ್ಕೇ ಮೆರ್ಲ್ ಮುಖ ಕಾಣಬಾರದೆಂದು ಷರತ್ತು ಹಾಕಿದ್ದಳು. ಓರ್ವಿಲ್ ಪೌಡರ್ ಡಬ್ಬಿಗೆ ಫೋನ್ ಒರಗಿಸಿ, ಅವಳ ಬೆನ್ನಷ್ಟೇ ಬರುವಂತೆ ಇಟ್ಟ. ಜೀವಮಾನವಿಡೀ ಕ್ಷೌರದಂಗಡಿಯಲ್ಲಿ ಕಳೆದವನಿಗೆ ಕನ್ನಡಿ ಕಾಣುವುದೇ ನಿಂತುಹೋಗಿರುತ್ತದೆ. ವಿಡಿಯೊ ನೋಡಿದರೆ, ಒಂದು ಕನ್ನಡಿಯಲ್ಲಿ ಕಣ್ಣು ಮುಚ್ಚಿ ಹಾಡುವ ಮೆರ್ಲ್. ಪಕ್ಕದ ಕನ್ನಡಿಯಲ್ಲಿ ಮುಖದ ತುಂಬ ಸೋಪಿನ ನೊರೆ ಹಚ್ಚಿಕೊಂಡು ಕಾಲು ಕುಣಿಸುತ್ತಿದ್ದ ಚರ್ಚಿನ ಹಿರಿಯ ಫಿಟ್ಜ್‌ರಾಯ್.

ಗಾಯಕವೃಂದದ ಮುಖ್ಯಸ್ಥೆ ಇಸಿಲ್ಡಾ ವಿಂಟ್ ಆ ವಿಡಿಯೊವನ್ನು ಪಾಸ್ಟರ್ ಮುಂದೆ ಹಿಡಿದರು.

"ನಾನು ಗಡ್ಡ ಹೆರೆಸೋಕೆ ಹೋಗಿದ್ದೆ ಅಷ್ಟೇ," ಎಂದರು ಫಿಟ್ಜ್‌ರಾಯ್.

"ಕಾಲು ಯಾಕೆ ಕುಣೀತಿತ್ತು ಬ್ರದರ್?"

"ಅದು ವಾಯು, ಸಿಸ್ಟರ್."

ಪಾಸ್ಟರ್ ಒಳ್ಳೆಯ ಮನುಷ್ಯ. "ಮೆರ್ಲ್, ಆ ಹಾಡುಗಳನ್ನ ತೆಗೆದುಹಾಕಿಬಿಡಮ್ಮ. ನಿನ್ನ ಜಾಗ ನಿನಗೇ ಇರುತ್ತೆ," ಎಂದರು.

ಮೆರ್ಲ್ ಕಿಟಕಿಯ ಪಕ್ಕದ ಹಲಗೆಯನ್ನು ಬಹಳ ಹೊತ್ತು ನೋಡಿದಳು. "ಅದೂ ನಂದೇ, ಇದೂ ನಂದೇ ಪಾಸ್ಟರ್. ಎರಡು ಮಕ್ಕಳಲ್ಲಿ ಒಂದನ್ನ ಬೀದಿಗೆ ಬಿಡು ಅಂದ್ರೆ ಹೇಗೆ?" ಎಂದು ಹಿಂದಿನ ಬೆಂಚಿಗೆ ನಡೆದಳು.

ಆ ಭಾನುವಾರ ಅವಳು ಬಾಯಿ ತೆರೆಯಲಿಲ್ಲ. ಕೀರ್ತನೆಯ ಪುಸ್ತಕ ಮಡಿಲಲ್ಲಿ ಮುಚ್ಚಿಕೊಂಡೇ ಇತ್ತು. ಚರ್ಚಿನಲ್ಲಿ ಹಾಡಿತ್ತು, ಆದರೆ ದೀಪ ಸಣ್ಣದು ಮಾಡಿದ ಮನೆಯ ಹಾಗಿತ್ತು.

ಮುಂದಿನ ವಾರ ಓರ್ವಿಲ್ ಬಂದ. ಅವನು ಚರ್ಚಿನ ಮೆಟ್ಟಿಲು ಹತ್ತಿ ಯಾವ ಕಾಲವಾಗಿತ್ತೋ.

"ಇಲ್ಲಿ ಕೂರೋಕೆ ಏನು ಅರ್ಹತೆ ಬೇಕು, ಮಿಸ್ ಮೆರ್ಲ್?"

"ಪಾಪ ಮಾಡಿರಬೇಕು."

"ಹಾಗಾದ್ರೆ ಮಲಗೋಷ್ಟು ಜಾಗ ಕೊಡಿ."

ಮೆರ್ಲ್ ನಕ್ಕುಬಿಟ್ಟಳು. ನಕ್ಕ ಬಾಯಿ ಹಾಡಿತು. ಅಂತರ್ಜಾಲದಲ್ಲಿ ಅವರನ್ನು ಕೇಳುತ್ತಿದ್ದ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಅದೇ ಬೆಂಚಿಗೆ ಒತ್ತಿಕೊಂಡರು. ತಡವಾಗಿ ಬಂದವರಿಗೆ ಜಾಗ ಸಿಗದೆ, ಮುಂದಿನ ಸಾಲಿನಲ್ಲಿ ಕೂರುವ ಶಿಕ್ಷೆಯಾಯಿತು.

ಚರ್ಚಿನ ವಾರ್ಷಿಕೋತ್ಸವದ ದಿನ ಇಸಿಲ್ಡಾ ಎಂದಿನಂತೆ ಶ್ರುತಿಯನ್ನು ಮೇಲೆ ಹಿಡಿದರು. ಮೊದಲಾದರೆ ಮೆರ್ಲ್ ಅದನ್ನು ಮೆಲ್ಲಗೆ ಕೆಳಗಿಳಿಸುತ್ತಿದ್ದಳು, ಇಸಿಲ್ಡಾಗೂ ಗೊತ್ತಾಗದ ಹಾಗೆ. ಈಗ ಇಳಿಸುವವರಿಲ್ಲ. ಗಾಯಕವೃಂದ ತೆಂಗಿನಮರ ಹತ್ತಿದಂತೆ ಹತ್ತಿತು, ಹತ್ತಿತು, ಮೇಲೆ ಹೋಗಿ ಸಿಕ್ಕಿಕೊಂಡಿತು. ಒಬ್ಬರ ಗಂಟಲು ಒಡೆಯಿತು, ಇನ್ನೊಬ್ಬರು ಕೆಮ್ಮಿದರು. ಆಮೇಲೆ ಮೌನ.

ಆ ಮೌನಕ್ಕೆ ಹಿಂದಿನಿಂದ ಮೆರ್ಲ್‌ಳ ದನಿ ಬಂತು, ತಗ್ಗಿನಲ್ಲಿ, ಬೆಚ್ಚಗೆ. ಅದರ ಅಡಿಯಲ್ಲಿ ಓರ್ವಿಲ್‌ನ ಗುನುಗು. ಕೀರ್ತನೆ ಅದೇ, ಆದರೆ ನಡಿಗೆ ಬಸ್ ನಿಲ್ದಾಣದ್ದು. ಇಡೀ ಸಭೆ ಹಿಂದಕ್ಕೆ ತಿರುಗಿ ಹಾಡಿತು. ಪಾಸ್ಟರ್‌ಗೆ ಕಂಡದ್ದು ಹೆಂಗಸರ ಟೋಪಿಗಳ ಹಿಂಭಾಗ ಮಾತ್ರ.

ಹಾಡು ಮುಗಿದಾಗ ಪಾಸ್ಟರ್ ಗಂಟಲು ಸರಿಮಾಡಿಕೊಂಡರು. "ಕಟ್ಟಳೆ ಕಟ್ಟಳೇನೇ. ಸಿಸ್ಟರ್ ಮೆರ್ಲ್ ಹಿಂದಿನ ಬೆಂಚಲ್ಲೇ ಇರ್ತಾರೆ." ಯಾರೋ ನಿಟ್ಟುಸಿರಿಟ್ಟರು. "ಗಾಯಕವೃಂದಾನೂ ಇವತ್ತಿಂದ ಅಲ್ಲೇ ಇರಲಿ."

ಇಸಿಲ್ಡಾ ಪುಸ್ತಕವನ್ನು ಎದೆಗವಚಿಕೊಂಡು, ಗಲ್ಲ ಎತ್ತಿ, ಚರ್ಚಿನ ಉದ್ದಕ್ಕೂ ನಡೆದುಬಂದರು. ಮೆರ್ಲ್ ಸರಿದು ಜಾಗ ಮಾಡಿದಳು. ಕುಳಿತ ಮೇಲೆ ಇಸಿಲ್ಡಾ ಎದುರು ನೋಡುತ್ತಲೇ ಪಿಸುಗುಟ್ಟಿದರು:

"ನೀವಿಬ್ರೂ ಅಂತರ್ಜಾಲಕ್ಕೆ ಹಾಕಿರೋ ಆ ಬೆಸ್ತನ ಹಾಡು ಇದೆಯಲ್ಲ, ಅದರ ಎರಡನೇ ಚರಣದಲ್ಲಿ ನೀನು ಉಸಿರು ತಗೊಳ್ಳೋ ಜಾಗ ತಪ್ಪು."

"ಎಷ್ಟು ಸಲ ಕೇಳಿದ್ರಿ ಸಿಸ್ಟರ್?"

"ತಪ್ಪು ಹುಡುಕೋಕೆ ಎಷ್ಟು ಬೇಕೋ ಅಷ್ಟು."

ಮುಂದಿನ ಕೀರ್ತನೆಯ ಹೊತ್ತಾಯಿತು. ಎಲ್ಲರೂ ಎದ್ದು ನಿಂತರು. ಇಸಿಲ್ಡಾ ಉಸಿರೆಳೆದುಕೊಂಡು ಬಾಯಿ ತೆರೆದವರು ಅಲ್ಲಿಗೇ ನಿಲ್ಲಿಸಿದರು. ಮೆರ್ಲ್‌ಳನ್ನು ಮೊಣಕೈಯಿಂದ ತಿವಿದು, "ಏನು ನೋಡ್ತಿದ್ದೀಯ? ಹಿಡಿ ಶ್ರುತಿ," ಎಂದರು.