ಗ್ರೀಕ್ ದೇವರಿಗೆ ಧೋತರ ಉಡಿಸಿದ ಆಚಾರ್ಯರು

ಶುಕ್ರವಾರ ಮಧ್ಯಾಹ್ನ ಪುಣೆಯ ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಹೊಸಬರು ಯಾರಾದರೂ ಬಂದರೆ ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ರುಮಾಲು ತೆಗೆದು ಮೇಜಿನ ಮೇಲಿಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ವಾಮನಾಚಾರ್ಯರು ಸಣ್ಣ ಕತ್ತರಿಯಿಂದ ಕರಿ ಕಾಗದ ಕತ್ತರಿಸುತ್ತ ಕೂತಿರುತ್ತಿದ್ದರು. ಉಗುರಿನಷ್ಟು ಅಗಲದ ಆ ಚೂರುಗಳಿಗೆ ಗೋಧಿಹಿಟ್ಟಿನ ಅಂಟು ಸವರಿ, ಗಾಜಿನ ಸ್ಲೈಡುಗಳಲ್ಲಿದ್ದ ಗ್ರೀಕ್ ದೇವರುಗಳ ನಡುವಿಗೆ ಅಂಟಿಸುತ್ತಿದ್ದರು. ಅಪೊಲೊನಿಗೊಂದು, ಹರ್ಮಿಸನಿಗೊಂದು.

"ಎಷ್ಟ ದೊಡ್ಡ ದೇವರಾದರೇನ್ರಿ ಭೀಮರಾಯರ, ಮೈಮ್ಯಾಲೆ ಅರಿವಿ ಇಲ್ಲಂದ್ರ ಪುಣೆದಾಗ ಕಾಲಿಡೂ ಹಂಗಿಲ್ಲ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ.

ಆಚಾರ್ಯರು ಧಾರವಾಡದ ಕಡೆಯವರು, ಇತಿಹಾಸದ ಹಂಗಾಮಿ ಅಧ್ಯಾಪಕರು. ವಿಶ್ವವಿದ್ಯಾಲಯದ ವತಿಯಿಂದ ಶನಿವಾರ ಸಂಜೆ ಊರಿನ ಜನರಿಗಾಗಿ ಮರಾಠಿಯಲ್ಲಿ ಉಪನ್ಯಾಸ ಕೊಡುತ್ತಿದ್ದರು: ಅಥೆನ್ಸಿನ ಗುಡಿಗಳು, ಕ್ರೀಟಿನ ಅರಮನೆ, ಸಮುದ್ರದ ತಳದಲ್ಲಿ ಸಿಕ್ಕ ಹಡಗುಗಳು. ನಾನು ಪ್ರಯೋಗಾಲಯದ ಸಹಾಯಕ. ಮ್ಯಾಜಿಕ್ ಲ್ಯಾಂಟರ್ನಿನಲ್ಲಿ ಸ್ಲೈಡು ತೂರಿಸಿ ಗೋಡೆಯ ಬಿಳಿ ಪರದೆಯ ಮೇಲೆ ಚಿತ್ರ ಬೀಳಿಸುವುದು ನನ್ನ ಪಾಲಿಗೆ ಬಂದಿತ್ತು.

ಗಾಬರಿಯೇ ಆ ಮನುಷ್ಯನ ಮನೆದೇವರು. ಉಪನ್ಯಾಸಕ್ಕೆ ಮುಂಚೆ ಮೂರು ಸಲ ಬಂದು "ಎಲ್ಲಾ ಸರಿ ಅದ ಅಲ್ರಿ?" ಎಂದು ಕೇಳುವರು. ಸರಿ ಇದೆ ಎಂದರೆ "ಭಾಳ ಸರಿ ಇದ್ರ ನನಗ ಇನ್ನೂ ಅಂಜಿಕಿರಿ" ಎನ್ನುವರು. ಕಿಸೆಯಲ್ಲಿ ಟಿಪ್ಪಣಿ ಇದೆಯೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ಅಂಗಿಯ ಆ ಜಾಗ ಸವೆದೇಹೋಗಿತ್ತು. ಇಂಥವರ ಜೊತೆ ಕೆಲಸ ಮಾಡುವುದೆಂದರೆ ದೇವರೇ ಗತಿ! ಅವರ ಅಂಜಿಕೆ ನನಗೂ ಅಂಟಿ, ಶನಿವಾರ ಊಟ ಸೇರುತ್ತಿರಲಿಲ್ಲ.

ಆದರೆ ಅವರ ಅಂಜಿಕೆಗೆ ಕಾರಣವಿತ್ತು. ಅವರ ಅಕ್ಕ ಗಂಗಕ್ಕ ಹನ್ನೆರಡನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ತಮ್ಮನ ಮನೆಯ ಅಡಿಗೆಮನೆ ಸೇರಿದವರು. ಮದುವೆ ಮುಂಜಿಗಳಿಗೆ ಅವರನ್ನು ಕರೆಯುವವರಿರಲಿಲ್ಲ. ತಮ್ಮ ಶುಕ್ರವಾರ ರಾತ್ರಿ ಉಪನ್ಯಾಸ ಗಟ್ಟಿಮಾಡುವುದನ್ನು ಒಲೆಯ ಮುಂದೆ ಕೂತು ಕೇಳಿ ಕೇಳಿ, ಒಂದು ದಿನ "ನಾನೂ ಬರ್ತೀನೋ, ಚಿತ್ರ ನೋಡತೀನಿ" ಅಂದರಂತೆ. ಆಚಾರ್ಯರು ಉಪನ್ಯಾಸ ಸಮಿತಿಯ ಕಾರ್ಯದರ್ಶಿಯ ಮನೆಗೆ ಆರು ಸಲ ತಿರುಗಿ ಹೆಂಗಸರಿಗೆಂದು ಎರಡು ಬೆಂಚು ಪಡೆದರು. ಕಾರ್ಯದರ್ಶಿ ಒಂದು ಷರತ್ತು ಹಾಕಿದ್ದರು: ಅಸಭ್ಯವಾದ ಒಂದೇ ಒಂದು ಚಿತ್ರ ಬಂದರೂ ಆ ಬೆಂಚು ಎತ್ತಿಸುವುದೇ. ಕಾಗದದ ಧೋತರ ಹುಟ್ಟಿದ್ದು ಹೀಗೆ.

ಎಲ್ಲ ಕೆಡಿಸಿದವನು ನಾನು. ಒಂದು ಸಂಜೆ ಗಂಗಕ್ಕನವರು ಹೋಗುತ್ತ ಹೋಗುತ್ತ "ಭೀಮರಾಯಾ, ನಿನ್ನ ದೀಪ ಮಿಣಿಮಿಣಿ ಅಂತದ. ನನ್ನ ಕಣ್ಣಿಗೆ ಏನೂ ಕಾಣಂಗಿಲ್ಲಪಾ" ಅಂದರು. ನನಗೆ ಎಲ್ಲಿಲ್ಲದ ಅವಮಾನವಾಯಿತು. ಮುಂದಿನ ಶನಿವಾರ ಪ್ರಯೋಗಾಲಯದ ದೊಡ್ಡ ದೀಪವನ್ನೇ ತಂದು ಲ್ಯಾಂಟರ್ನಿಗೆ ಹಾಕಿದೆ. ಆಚಾರ್ಯರಿಗೆ ಹೇಳಲಿಲ್ಲ. ಹೇಳಿದ್ದರೆ ಬೇಡವೆನ್ನುತ್ತಿದ್ದರು, ಅದು ನನಗೆ ಗೊತ್ತಿತ್ತು.

ಮೊದಲಿನ ಗುಡಿಗಳೆಲ್ಲ ಹಾಲಿನಷ್ಟು ಬೆಳ್ಳಗೆ ಬಿದ್ದವು. ಜನ ಆಹಾ ಎಂದರು. ನಾನು ಉಬ್ಬಿಹೋದೆ. ಆಮೇಲೆ ಅಪೊಲೊನನ್ನು ತೂರಿಸಿದೆ. ಆಚಾರ್ಯರು ಅವನ ಬಗ್ಗೆ ಹೇಳುತ್ತಲೇ ಇದ್ದರು, ನನ್ನ ಮೂಗಿಗೆ ಸುಟ್ಟ ಹಿಟ್ಟಿನ ವಾಸನೆ ಬಡಿಯಿತು. ಲ್ಯಾಂಟರ್ನಿನಲ್ಲಿ ಸ್ಲೈಡನ್ನು ತಲೆಕೆಳಗಾಗಿ ಇಡಬೇಕು, ಆಗಲೇ ಪರದೆಯ ಮೇಲೆ ಚಿತ್ರ ನೆಟ್ಟಗೆ ಬರುವುದು. ಹೀಗಾಗಿ ದೀಪದ ಕಾವಿಗೆ ಅಂಟು ಬಿಟ್ಟ ಕಾಗದ ಒಳಗೆ ಕೆಳಗೆ ಜಾರಿದರೆ ಪರದೆಯ ಮೇಲೆ ಅದು ಮೇಲೆ ಏರುತ್ತದೆ. ಅಪೊಲೊನ ಧೋತರ ಮೆಲ್ಲಗೆ ನಡು ಬಿಟ್ಟಿತು, ಹೊಟ್ಟೆ ದಾಟಿತು, ಎದೆ ದಾಟಿತು, ಹೋಗಿ ಅವನ ಮುಖದ ಮೇಲೆ ಕೂತಿತು. ಮುಖವೊಂದು ಬಿಟ್ಟು ಮಿಕ್ಕಿದ್ದೆಲ್ಲ ಬೆಳಕಿನಲ್ಲಿತ್ತು.

ನಾನು ಸ್ಲೈಡು ಎಳೆಯಹೋದರೆ ಬೆರಳು ಸುಟ್ಟಿತು. ಆಚಾರ್ಯರು ಕೈಯಲ್ಲಿ ಕೋಲು ಹಿಡಿದು ಕಲ್ಲಾಗಿ ನಿಂತಿದ್ದರು. ಕಾರ್ಯದರ್ಶಿ ಕುರ್ಚಿ ಸರಿಸಿ ಎದ್ದರು. ಆಗ ಹೆಂಗಸರ ಬೆಂಚಿನಿಂದ ಕನ್ನಡದಲ್ಲಿ ದನಿ ಬಂತು:

"ಏ ವಾಮ್ಯಾ, ಯಾಕ ಸುಮ್ನ ನಿಂತಿ? ಉಡುಪಿಗೆ ಹೋದಾಗ ಕಾರ್ಕಳದಾಗ ಗೊಮ್ಮಟಗ ಕೈ ಮುಗಿದು ಬರಲಿಲ್ಲೇನು? ಮುಂದ ಹೇಳು."

ಕಾರ್ಯದರ್ಶಿಗೆ ಕನ್ನಡ ಬರುತ್ತಿರಲಿಲ್ಲ. ಆಕೆ ಏನೆಂದರು ಎಂದು ಮರಾಠಿಯಲ್ಲಿ ಗದರಿಸಿ ಕೇಳಿದರು. ಆಚಾರ್ಯರು ಏನಾದರೊಂದು ಸುಳ್ಳು ಹೇಳಿ ಪಾರಾಗಲಿ ಎಂದು ನಾನು ಬೇಡಿಕೊಂಡೆ. ಅವರು ಅಕ್ಕನ ಮಾತನ್ನು ಇದ್ದದ್ದು ಇದ್ದಹಾಗೆ ಮರಾಠಿಯಲ್ಲಿ ಹೇಳಿದರು. ಆಮೇಲೆ ಕೋಲೆತ್ತಿ, ಅಪೊಲೊನ ಭುಜದಿಂದ ಹಿಡಿದು ಪಾದದವರೆಗೆ ಆ ಶಿಲ್ಪಿಯ ಕೆಲಸವನ್ನು ವಿವರಿಸಿ ಮುಗಿಸಿದರು. ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ.

ಸೋಮವಾರ ಸಮಿತಿಯ ಪತ್ರ ಬಂತು. ಹೆಂಗಸರ ಬೆಂಚು ರದ್ದು, ಉಪನ್ಯಾಸ ಮುಂದುವರಿಯಬಹುದು. ಆಚಾರ್ಯರು ಪ್ರಯೋಗಾಲಯದಲ್ಲೇ ಕೂತು ಉತ್ತರ ಬರೆದರು. ಆ ಎರಡು ಬೆಂಚು ಇಲ್ಲದ ಕಡೆ ತಾನು ಮಾತಾಡುವುದಿಲ್ಲ, ಇಷ್ಟೇ. ಅಷ್ಟಕ್ಕೇ ಮೂರು ಕಾಗದ ಹಾಳಾದವು. "ಕೆಲಸಾನೂ ಹೋಗ್ತದೇನೋ ಭೀಮರಾಯರ" ಎಂದು ಮತ್ತೆ ಮತ್ತೆ ಅಂದರು. ಅಂದುಕೊಂಡೇ ಲಕೋಟೆ ಮುಚ್ಚಿದರು. ಕೆಲಸವೂ ಹೋಯಿತು. ವರ್ಷ ಮುಗಿದಾಗ ಕಾಲೇಜಿನವರು ಅವರನ್ನು ಮುಂದುವರಿಸಲಿಲ್ಲ.

ಅಕ್ಕ ತಮ್ಮ ಧಾರವಾಡದ ಗಾಡಿ ಹತ್ತಿದ ದಿನ ನಾನು ಸ್ಟೇಷನ್ನಿಗೆ ಹೋಗಿದ್ದೆ. ಆಚಾರ್ಯರು ಟ್ರಂಕು, ಟಿಕೆಟ್ಟು, ನೀರಿನ ತಂಬಿಗೆ ಎಂದು ಪೇಚಾಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಆಚಾರ್ಯರ, ಅವತ್ತು ದೀಪ ಬದಲಿ ಮಾಡಿದಾಂವ ನಾನು" ಅಂದುಬಿಟ್ಟೆ.

"ಗೊತ್ತದರಿ" ಅಂದರು. "ಮೊದಲನೇ ಚಿತ್ರ ಬಿದ್ದಕೂಡಲೇ ಗೊತ್ತಾತು. ಅಂಟು ತಡಿಯಂಗಿಲ್ಲ ಅನ್ನೂದೂ ಗೊತ್ತಾತು."

"ಮತ್ತ ಯಾಕ ನಿಲ್ಲಸಲಿಲ್ಲರೀ?"

"ಆ ಬೆಳಕಿನ್ಯಾಗ ಅಕ್ಕನ ಮಾರಿ ಕಂಡಿತು. ಮುಂದ ಬಾಗಿ ನೋಡಲಿಕ್ಕೆ ಹತ್ತಿದ್ಲು."

ಒಳಗಿನಿಂದ ಗಂಗಕ್ಕನವರು ಕೂಗಿದರು: "ವಾಮ್ಯಾ, ಬೂದಿಯಾಗ ಮುಚ್ಚಿಹೋದ ಆ ಊರಿಂದು ಹೇಳೂದು ಉಳೀತಲ್ಲೋ, ಪಾಂಪೆದು. ಧಾರವಾಡ ಬರೂತನಕ ಹೊತ್ತದ, ಸುರು ಮಾಡು."

ಗಾಡಿ ಸೀಟಿ ಹಾಕಿತು. ಆಚಾರ್ಯರು ಒಳಗೆ ಹತ್ತಿ ಅಕ್ಕನ ಕಡೆ ತಿರುಗಿದರು. ಕಿಟಕಿಯಲ್ಲಿ ಅವರ ಕೈ ಮೇಲೇಳುವುದು ಕಂಡಿತು, ಆ ಊರಿಗೆ ಬೂದಿ ಸುರಿದ ಬೆಟ್ಟದ ಎತ್ತರ ತೋರಿಸುತ್ತಿದ್ದರೇನೋ. ಆರು ತಿಂಗಳಿಗೆ ಆಚಾರ್ಯರು ತೀರಿಹೋದರೆಂದು ಕಾಗದ ಬಂತು. ಮುಂದೆ ಎಷ್ಟೋ ಪಂಡಿತರ ಉಪನ್ಯಾಸಕ್ಕೆ ನಾನು ದೀಪ ಹಚ್ಚಿದ್ದೇನೆ, ಪಾಂಪೆಯ ಚಿತ್ರಗಳನ್ನೂ ತೋರಿಸಿದ್ದೇನೆ. ಆದರೆ ನನಗೆ ಕೇಳಬೇಕಾಗಿದ್ದ ಉಪನ್ಯಾಸ ಆ ಗಾಡಿಯಲ್ಲಿ ಒಬ್ಬರಿಗಾಗಿ ನಡೆಯಿತು.